ತಳ ಕಾಣುವ ತನಕ

ಬಣ್ಣದ ಭಾವನಿಗೆ ಜಗತ್ತಿನಲ್ಲಿ ಕಂಡರಾಗದ ಬಣ್ಣ ಒಂದೇ, ಅದು ಬಿಳಿ. ಗಿರಾಕಿಗಳು ತಂದ ಪರದೆಯ ಚೂರು, ಒಡೆದ ಹೆಂಚು, ಒಮ್ಮೆ ಒಬ್ಬಾಕೆ ಪೊಟ್ಟಣ ಕಟ್ಟಿ ತಂದ ತನ್ನ ಬೆಕ್ಕಿನ ಕೂದಲು, ಹೀಗೆ ಏನೇ ಎದುರಿಗಿಟ್ಟರೂ ಅದಕ್ಕೆ ಹೊಂದುವ ಬಣ್ಣವನ್ನು ಡಬ್ಬಿಯಲ್ಲಿ ಕಲಸಿ ಕೊಡುವ ಅಂಗಡಿ ಅವನದು. "ಬಿಳಿ ಅನ್ನೋದು ಬಣ್ಣ ಅಲ್ಲ, ಸೋಮಾರಿತನ" ಎನ್ನುವುದು ಅವನ ಸಿದ್ಧಾಂತ. ಮನೆ ಕಟ್ಟಿಸುವಾಗ ಹಟ ಹಿಡಿದು ಗೋಡೆ, ಬಾಗಿಲು, ಸ್ವಿಚ್ಚಿನ ಫಲಕ, ಕೊನೆಗೆ ಕಕ್ಕಸಿನ ಕಮೋಡು ಕೂಡ ಬಿಳಿಯಾಗದಂತೆ ನೋಡಿಕೊಂಡಿದ್ದ. ಕಮೋಡಿನ ವಿಷಯಕ್ಕೆ ಮೇಸ್ತ್ರಿಯ ಜೊತೆ ಮಾತು ಬಿಟ್ಟಿದ್ದ; ಪಾಪ ಆ ಮೇಸ್ತ್ರಿ ಕೊನೆಗೆ ಕೈ ಮುಗಿದು ಅವನು ಹೇಳಿದ್ದನ್ನೇ ಎಲ್ಲಿಂದಲೋ ಹೊರಿಸಿಕೊಂಡು ಬಂದಿದ್ದ. ಅದೆಲ್ಲ ಹಳೆಯ ಕತೆ. ವರ್ಷಗಟ್ಟಲೆ ದಿನಾ ಕೂತರೆ ಸಿಂಹಾಸನವೂ ಬರೀ ಕುರ್ಚಿಯಾಗುತ್ತದೆ.

ಇಂಥ ಮನುಷ್ಯ ಒಂದು ಬೆಳಿಗ್ಗೆ ಅದೇ ಕಮೋಡಿನಲ್ಲಿ ಕೆಂಪು ಕಂಡ.

ಬೇರೆ ಯಾರಾದರೂ ಆಗಿದ್ದರೆ ಹಿಂದಿನ ದಿನ ತಿಂದ ಬೀಟ್‌ರೂಟಿನ ಮೇಲೆ ತಪ್ಪು ಹೊರಿಸಿ ನೆಮ್ಮದಿಯಿಂದ ಎದ್ದು ಬರುತ್ತಿದ್ದರು. ಬಣ್ಣದ ಭಾವನಿಗೆ ಆ ಭಾಗ್ಯವಿರಲಿಲ್ಲ. ಬೀಟ್‌ರೂಟಿನ ಕೆಂಪು ನೇರಳೆಯ ಕಡೆಗೆ ವಾಲುತ್ತದೆ; ಇದು ಕಿತ್ತಳೆಯ ಕಡೆಗೆ ವಾಲಿತ್ತು. ಕಣ್ಣು ಪಳಗಿದವನಿಗೆ ತನಗೆ ತಾನೇ ಮೋಸ ಮಾಡಿಕೊಳ್ಳುವುದೂ ಕಷ್ಟ. ಅವನ ದೊಡ್ಡಣ್ಣ ಇಂಥದೇ ಕೆಂಪನ್ನು "ಏನಿಲ್ಲ, ಮೂಲವ್ಯಾಧಿ" ಎಂದು ಹೇಳಿಕೊಂಡು ತಿರುಗಾಡಿ, ಹಾಗೆ ಹೇಳಿಕೊಂಡೇ ಹೋಗಿಬಿಟ್ಟಿದ್ದ. ಭಾವ ಯಾರಿಗೂ ಹೇಳಲಿಲ್ಲ. ಹೊಟ್ಟೆಯ ವಿಷಯವನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ.

ಡಾಕ್ಟರರಿಗೆ ಮಾತ್ರ ಹೇಳಿದ್ದ. ಅವರು ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಬರೆದುಕೊಟ್ಟರು. ಮನೆಯಲ್ಲಿ "ವಯಸ್ಸಾಯ್ತಲ್ಲ, ಸುಮ್ನೆ ಒಂದು ಚೆಕಪ್ಪು" ಎಂದ. ಹಿಂದಿನ ದಿನ ಕುಡಿಯಬೇಕಾದ ಹೊಟ್ಟೆ ತೊಳೆಯುವ ನೀರಿನಲ್ಲಿ ಮುಕ್ಕಾಲು ಪಾಲನ್ನು ಕೈತೊಳೆಯುವ ಬೇಸಿನ್ನಿಗೆ ಕುಡಿಸಿದ. ಪರೀಕ್ಷೆಯ ದಿನ ಡಾಕ್ಟರರು ಕ್ಯಾಮೆರಾ ಒಳಗೆ ಬಿಟ್ಟವರು ಹಾಗೇ ವಾಪಸು ತೆಗೆದು, "ಏನೂ ಕಾಣಲ್ಲ ಸ್ವಾಮಿ, ಸರಿಯಾಗಿ ತೊಳ್ಕೊಂಡು ಬನ್ನಿ" ಎಂದು ಕಳಿಸಿದರು. ಮನೆಗೆ ಬಂದು ಭಾವ "ಮಿಷನ್ ಕೆಟ್ಟಿತ್ತು" ಎಂದ.

ಹೇಳಬಾರದವನ ಮುಂದೆ ಹೇಳಬಾರದ ಸುಳ್ಳು ಅದು. ಮಹಡಿಯ ಮೇಲಿನ ಮನೆಯಲ್ಲಿರುವ ಅವನ ಷಡ್ಡಕ, ಅಂದರೆ ನಾದಿನಿಯ ಗಂಡ, ಲಿಫ್ಟ್ ರಿಪೇರಿಯ ಮೆಕ್ಯಾನಿಕ್. ಮನೆಯವರೆಲ್ಲ ಅವನನ್ನು ಲಿಫ್ಟು ಎಂದೇ ಕರೆಯುವುದು.

"ಏನು ಕೆಟ್ಟಿತ್ತಣ್ಣ? ಮೋಟ್ರಾ?" ಎಂದ ಲಿಫ್ಟು.

"ಗೊತ್ತಿಲ್ಲಪ್ಪ."

"ಕೇಬಲ್ಲಾ? ಕೇಬಲ್ ಆದ್ರೆ ಮೇಲಿಂದ ಎಳೆದು ನೋಡ್ಬೇಕು."

"ಮೇಲಿಂದ ಅಲ್ಲ ಅದು ಹೋಗೋದು."

"ಕೆಳಗಿಂದ ಮೇಲಕ್ಕೆ ಹೋಗಿ ವಾಪಸ್ ಬರುತ್ತೆ ಅಂದ್ಮೇಲೆ ಲಿಫ್ಟೇ ಅಲ್ವಾ ಅಣ್ಣ?"

ಈ ವಿಚಾರಣೆ ವಾರಗಟ್ಟಲೆ ನಡೆಯಿತು. ಇವರಿಬ್ಬರ ನಡುವೆ ಒಂದು ದಿನವೂ ಜಗಳವಾದದ್ದಿಲ್ಲ, ಒಂದು ದಿನವೂ ಪೈಪೋಟಿ ನಿಂತದ್ದಿಲ್ಲ. ಯಾರ ಹಾಸಿಗೆ ಬೆನ್ನಿಗೆ ಒಳ್ಳೆಯದು, ಹಲ್ಲು ಕೀಳಿಸಿಕೊಂಡಾಗ ಯಾರಿಗೆ ಹೆಚ್ಚು ನೋವಾಯಿತು, ಎಲ್ಲದಕ್ಕೂ ಪಂದ್ಯ. ಇಬ್ಬರ ಹೆಂಡಿರು ಅಕ್ಕತಂಗಿಯರು. ಅವರಿಗೆ ನಗು ತಡೆದುಕೊಂಡು ಅಭ್ಯಾಸವಾಗಿತ್ತು. ಕೆಳಗಿನ ಮನೆಯಲ್ಲೇ ಇರುವ ಅತ್ತೆಗೆ ಮಾತ್ರ ಇದು ದಿನದ ಮನರಂಜನೆ. ಅಳಿಯಂದಿರನ್ನು ಅವಳು 'ಬಣ್ಣದ ಅಳಿಯ', 'ಲಿಫ್ಟಿನ ಅಳಿಯ' ಎಂದು ಸಾಮಾನು ಗುರುತಿಸುವ ಹಾಗೆ ಕರೆಯುತ್ತಿದ್ದಳು.

ಎರಡನೆಯ ಸಲದ ದಿನ ಗೊತ್ತಾದಾಗ ಹೆಂಡತಿ ಬಟ್ಟೆ ಒಣಹಾಕುತ್ತಾ ಹಗುರವಾಗಿ ಹೇಳಿದಳು: "ಲಿಫ್ಟಿಗೂ ಅದನ್ನೇ ಮಾಡಿಸ್ಬೇಕಂತೆ ರೀ. ಅದೇ ದಿನ, ಅದೇ ಆಸ್ಪತ್ರೆ."

"ಅವನಿಗೇನಾಗಿದೆ?"

"ನಿಮಗೇನಾಗಿದೆಯೋ ಅದೇ ಇರ್ಬೇಕು. ವಯಸ್ಸು." ಅವಳು ಒಂದು ಕ್ಲಿಪ್ಪನ್ನು ಬಾಯಲ್ಲಿ ಕಚ್ಚಿಕೊಂಡಳು. "ಅವರಿಗೆ ಬೇರೆ ಔಷಧಿಯಂತೆ" ಎಂದು ಕ್ಲಿಪ್ಪು ತೆಗೆದ ಮೇಲೆ ಸೇರಿಸಿದಳು. "ನಿಮ್ಮದಕ್ಕಿಂತ ಹೊಸದಂತೆ."

ಅಷ್ಟು ಸಾಕಿತ್ತು.

ಪರೀಕ್ಷೆಯ ಹಿಂದಿನ ಸಂಜೆ ಕೆಳಗಿನ ಮನೆಯ ಊಟದ ಮೇಜಿನ ಮೇಲೆ ಎರಡೂ ಪಕ್ಷಗಳ ಆಯುಧಗಳು ಎದುರುಬದುರಾದವು. ಈ ಕಡೆ ಭಾವನ ದೊಡ್ಡ ಪ್ಲಾಸ್ಟಿಕ್ ಕ್ಯಾನು, ನಾಲ್ಕು ಲೀಟರಿನದು. ತಳದಲ್ಲಿದ್ದ ಪುಡಿಗೆ ನೀರು ಬೆರೆಸಿ ಭಾವ ಅದನ್ನು ತನ್ನ ವೃತ್ತಿಗೆ ತಕ್ಕ ಹಾಗೆ ಒಂದೂ ಗಂಟು ಉಳಿಯದಂತೆ ಕುಲುಕಿದ್ದ. ಆ ಕಡೆ ಲಿಫ್ಟಿನ ಎರಡು ಪುಟ್ಟ ಬಾಟಲಿ, ಕೆಮ್ಮಿನ ಔಷಧಿಯ ಗಾತ್ರದವು.

ಅತ್ತೆ ಕ್ಯಾನಿನ ಸುತ್ತ ಒಂದು ಸುತ್ತು ಬಂದಳು. "ಇಷ್ಟೂ ಹೊಟ್ಟೆಗಾ?"

"ಅರ್ಧ ಈಗ, ಅರ್ಧ ಬೆಳಿಗ್ಗೆ" ಎಂದ ಭಾವ. "ನಾಲ್ಕು ಲೀಟರ್ ಅಂದ್ರೆ ಒಂದು ಚಿಕ್ಕ ಕೋಣೆ ಬಳೀಬಹುದು ಅತ್ತೆ."

"ನಿಮ್ಮ ಹೊಟ್ಟೆ ಚಿಕ್ಕ ಕೋಣೆ ಏನಲ್ಲ ಬಿಡಿ."

ಲಿಫ್ಟು ತನ್ನ ಬಾಟಲಿಯನ್ನು ಬೆಳಕಿಗೆ ಹಿಡಿದ. "ನಂದು ಲೇಟೆಸ್ಟ್ ಮಾಡೆಲ್. ಸೈಜ್ ಚಿಕ್ಕದು, ಕೆಪಾಸಿಟಿ ಅದೇ. ಇದೊಂದು ಈಗ, ಇನ್ನೊಂದು ಬೆಳಿಗ್ಗೆ. ಕೆಲಸ ಮುಗೀತು."

"ಬಾಟಲಿ ಆದ್ಮೇಲೆ ನೀರು ಕುಡಿಯೋದು ಇಲ್ವಾ?" ಎಂದ ಭಾವ. ಅವನು ವಿಚಾರಿಸಿಕೊಂಡೇ ಬಂದಿದ್ದ.

"ಇದೆ. ಒಂದಿಷ್ಟು."

"ಎಷ್ಟು?"

ಲಿಫ್ಟು ಕ್ಯಾನನ್ನು ನೋಡಿದ, ಬಾಟಲಿಯನ್ನು ನೋಡಿದ. "ಎಲ್ಲಾ ಸೇರಿಸಿದ್ರೆ ನಿಮ್ಮದಕ್ಕಿಂತ ಒಂದು ಜಗ್ಗು ಕಮ್ಮಿ."

"ಅಳಿಯ ಅಲ್ಲ, ಮಗಳ ಗಂಡ" ಎಂದು ಅತ್ತೆ ತೀರ್ಪು ಕೊಟ್ಟು ಕುರ್ಚಿ ಎಳೆದುಕೊಂಡು ಕೂತಳು. "ನಮ್ಮ ಕಾಲದಲ್ಲಿ ಒಂದು ಚಮಚ ಹರಳೆಣ್ಣೆ. ಮೂಗು ಹಿಡಿ, ಬಾಯಿ ತೆಗಿ, ಓಡು. ಅಷ್ಟೇ."

"ಅದಾದ್ಮೇಲೆ ಯಾರೂ ಕ್ಯಾಮೆರಾ ಹಿಡ್ಕೊಂಡು ಒಳಗೆ ಹೋಗಿ ನೋಡ್ತಿರ್ಲಿಲ್ವಲ್ಲ ಅತ್ತೆ" ಎಂದ ಲಿಫ್ಟು.

"ನೋಡೋಕೇನಿದೆ ಅಲ್ಲಿ, ಮದುವೆ ಮನೇನಾ?"

ಕುಡಿಯುವುದು ಶುರುವಾಯಿತು. ಭಾವನ ನೀರಿನ ರುಚಿಯನ್ನು ಏನೆಂದು ಹೇಳುವುದು? ಸಮುದ್ರದ ನೀರಿಗೆ ಯಾರೋ ಕಿತ್ತಳೆ ಹಣ್ಣಿನ ಬಗ್ಗೆ ಗಾಳಿಸುದ್ದಿ ಹೇಳಿದ ಹಾಗಿತ್ತು. ಪೂರ್ತಿ ಉಪ್ಪಲ್ಲ, ಸಿಹಿಯಲ್ಲ, ನಾಲಗೆಯ ಮೇಲೆ ಸೋಪಿನ ಹಾಗೆ ಜಾರುತ್ತಿತ್ತು. ಲಿಫ್ಟು ತನ್ನ ಬಾಟಲಿಯನ್ನು ಒಂದು ಲೋಟದಲ್ಲಿ ನೀರಿಗೆ ಬೆರೆಸಿ ಗಟಗಟ ಏರಿಸಿ, ಮುಖವನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ಮಾಡಿ, ಕಣ್ಣು ಬಿಟ್ಟು "ಚೆನ್ನಾಗಿದೆ" ಎಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ಹೇಗಿದೆ ನಿಜ ಹೇಳು."

"ಬ್ಯಾಟರಿ ನೆಕ್ಕಿದ ಹಾಗಿದೆ. ಆದ್ರೆ ಒಂದೇ ಸಲ ಅಣ್ಣ. ನಿಮ್ಮದು ಕಂತಿನ ಲೆಕ್ಕ."

ಕಂತಿನ ಲೆಕ್ಕವೇ. ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದೊಂದು ಲೋಟ. ತಣ್ಣಗಿದ್ದರೆ ಗಂಟಲಿಗೆ ಗೊತ್ತಾಗುವುದಿಲ್ಲವೆಂದು ಹೆಂಡತಿ ಕ್ಯಾನನ್ನು ಮಂಜುಗಡ್ಡೆಯ ನಡುವೆ ಇಟ್ಟಳು, ಸ್ಟ್ರಾ ಕೊಟ್ಟಳು. ಮೂರನೆಯ ಲೋಟಕ್ಕೆ ಭಾವನ ಮನಸ್ಸು ಹಳೆಯ ಹಾದಿ ಹಿಡಿಯಿತು. ಲೋಟ ಹಿಡಿದು ಏನೋ ನೆನಪಾದವನಂತೆ ಬೇಸಿನ್ನಿನ ಕಡೆ ನಡೆದ. ಹೆಂಡತಿ ಬೇಸಿನ್ನಿಗೆ ಬೆನ್ನು ಕೊಟ್ಟು ಕುರ್ಚಿ ಹಾಕಿಕೊಂಡು ಬಟ್ಟೆ ಮಡಿಸುತ್ತಾ ಕೂತಿದ್ದಳು. ಇಡೀ ಮನೆಯಲ್ಲಿ ಬಟ್ಟೆ ಮಡಿಸಲು ಬೇರೆ ಜಾಗವೇ ಇಲ್ಲವೆಂಬಂತೆ.

"ಏನು ಬೇಕಿತ್ತು?"

"ಏನಿಲ್ಲ. ನಡೆದಾಡಿದ್ರೆ ಬೇಗ ಕೆಲಸ ಮಾಡುತ್ತಂತೆ."

"ಹಾಗಾದ್ರೆ ಆ ಕಡೆ ನಡೀರಿ."

ಅವನು ವಾಪಸು ಬಂದಾಗ ಲಿಫ್ಟು ತನ್ನ ನೀರಿನ ಕೊನೆಯ ಜಗ್ಗನ್ನು ಎತ್ತಿ ಹಿಡಿದು ಅವನನ್ನೇ ನೋಡುತ್ತಿದ್ದ. "ಮುಗೀತಾ ಅಣ್ಣ? ನಂದು ಆಯ್ತು." ಭಾವ ಕೂತ. ಸ್ಟ್ರಾ ತೆಗೆದು ಬಿಸಾಡಿದ. ಲೋಟವನ್ನೆತ್ತಿ ಒಂದೇ ಉಸಿರಿಗೆ ಕುಡಿದ. ಇನ್ನೊಂದು ತುಂಬಿಸಿಕೊಂಡ.

ಮೊದಲು ಎದ್ದವನು ಲಿಫ್ಟು. ಹೊಸ ಮಾಡೆಲ್‌ನ ಗುಣಗಾನದ ನಡುವೆ ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು, ಮುಖವನ್ನು ಗಂಭೀರ ಮಾಡಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹಾರಿದ. ಮೇಲಿನ ಕಕ್ಕಸಿನ ಬಾಗಿಲಿಗೆ ಅವನು ಮುಂಚೆಯೇ ಕೆಲಸದ ಬೋರ್ಡೊಂದನ್ನು ನೇತುಹಾಕಿದ್ದ: 'ದುರಸ್ತಿಯಲ್ಲಿದೆ. ದಯವಿಟ್ಟು ಮೆಟ್ಟಿಲು ಬಳಸಿ.' ಮೇಲಿನ ಕಕ್ಕಸಿನ ಪೈಪು ಕೆಳಗಿನ ಗೋಡೆಯೊಳಗಿಂದಲೇ ಇಳಿದುಹೋಗುತ್ತಿದ್ದುದರಿಂದ ಫ್ಲಷ್ಷಿನ ಸದ್ದು ಜಯಘೋಷದ ಹಾಗೆ ಕೆಳಗೆ ಬಂದಿತು.

"ಲಿಫ್ಟಿನ ಅಳಿಯ ಮುಂದೆ" ಎಂದಳು ಅತ್ತೆ.

ಭಾವನದು ನಿಧಾನದ ವಿಧಾನ. ಬಹಳ ಹೊತ್ತು ಏನೂ ಆಗಲಿಲ್ಲ. ಹೊಟ್ಟೆ ಮಾತ್ರ ಅಪರಿಚಿತ ಭಾಷೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿತ್ತು. ಆಮೇಲೆ ಆಯಿತು. ಶುರುವಾದ ಮೇಲೆ ಅದು ತನ್ನ ದೇಹದ ಸಂಗತಿ ಎಂದು ಅವನಿಗೆ ಅನ್ನಿಸಲಿಲ್ಲ, ನಗರಪಾಲಿಕೆಯ ಸಂಗತಿ ಎನ್ನಿಸಿತು. ಕೆಳಗಿನಿಂದ ಒಂದು ಫ್ಲಷ್ಷು, ಮೇಲಿನಿಂದ ಅದಕ್ಕೆ ಉತ್ತರ. ಹೀಗೆ ಆ ಸಂಜೆ ಷಡ್ಡಕರಿಬ್ಬರೂ ಗೋಡೆಯೊಳಗಿನ ಪೈಪಿನ ಮೂಲಕ ಸಂಭಾಷಿಸಿದರು. ಅತ್ತೆ ನಡುವೆ ಮೆಟ್ಟಿಲ ಮೇಲೆ ಕೂತು ಎರಡೂ ಕಡೆ ಕಿವಿಗೊಟ್ಟಳು.

ಬೆಳಿಗ್ಗೆ ಉಳಿದರ್ಧ. ಇದನ್ನು ಭಾವ ಬಾಯಿ ಮುಚ್ಚಿಕೊಂಡು ಕುಡಿದ ಎನ್ನುವಂತಿಲ್ಲ, ಬಾಯಿ ತೆರೆದೇ ಕುಡಿದ, ಆದರೆ ತಕರಾರು ಎತ್ತಲಿಲ್ಲ. ಮೇಲಿನವನು ತನ್ನ ಎರಡನೆಯ ಬಾಟಲಿ ಮುಗಿಸಿದ ಸುದ್ದಿ ಬಂದಿತ್ತು. ಕ್ಯಾನು ಖಾಲಿಯಾಯಿತು. ಇನ್ನು ಉಳಿದದ್ದು ಪರಿಶೀಲನೆ.

ಬಣ್ಣವನ್ನು ಹಗಲು ಬೆಳಕಿನಲ್ಲೇ ನೋಡಬೇಕು. ಬಲ್ಬಿನ ಬೆಳಕಲ್ಲಿ ನೋಡಿದ ಬಣ್ಣ ಬಣ್ಣವೇ ಅಲ್ಲ. ಹಾಗಾಗಿ ಕಕ್ಕಸಿನ ದೀಪ ಆರಿಸಿ, ಗಾಳಿಕಿಂಡಿಯ ಗಾಜು ತೆಗೆದು, ಅಂಗಡಿಯಿಂದ ತಂದಿದ್ದ ಶೇಡ್ ಕಾರ್ಡನ್ನು ಬೀಸಣಿಗೆಯ ಹಾಗೆ ಬಿಡಿಸಿಕೊಂಡು ಭಾವ ಕಮೋಡಿನ ಮೇಲೆ ಬಗ್ಗಿದ. ಕಾರ್ಡಿನ ಬಣ್ಣಗಳಿಗೆ ಕಂಪೆನಿಯವರು ಇಟ್ಟ ಹೆಸರುಗಳಿದ್ದವು. ನಿನ್ನೆ ಸಂಜೆ 'ಹಳೆಯ ಪಿಯಾನೊ'ದಿಂದ ಶುರುವಾದದ್ದು ಮಲಗುವ ಹೊತ್ತಿಗೆ 'ಶರತ್ಕಾಲದ ಎಲೆ'ಗೆ ಇಳಿದು, ಬೆಳಿಗ್ಗೆ 'ಜೇನಿನ ಹನಿ'ಯನ್ನು ದಾಟಿ, ಈಗ 'ಮುಂಜಾವಿನ ಬೆಣ್ಣೆ'ಗೆ ಬಂದು ನಿಂತಿತ್ತು. ನಿಂತದ್ದು ಅಲ್ಲಾಡಲಿಲ್ಲ. ಮತ್ತೆ ಹೋದ, ಮತ್ತೆ ಬಗ್ಗಿದ. ಮುಂಜಾವಿನ ಬೆಣ್ಣೆ. ಬರೀ ನೀರು ಕುಡಿದು ಮತ್ತೊಮ್ಮೆ ಹೋದ. ಬೆಣ್ಣೆ ಬೆಣ್ಣೆಯಾಗಿಯೇ ಉಳಿಯಿತು.

ಆಸ್ಪತ್ರೆಯ ನರ್ಸು ಫೋನ್ ಮಾಡಿದಳು. "ಸರ್, ಈಗ ಹೇಗೆ ಬರ್ತಿದೆ?"

"ಹಳದೀನೇ. ಆದ್ರೆ ಅದರಲ್ಲಿ ಒಂದು ಚೂರು ಬೂದು ಬೆರೆತ ಹಳದಿ. ಇಪ್ಪತ್ತು ಲೀಟರ್ ಬಿಳಿಗೆ ಎರಡು ಹನಿ ಹಳದಿ ಕಾವಿ ಹಾಕಿದ್ರೆ ಬರುತ್ತಲ್ಲ, ಹಾಗೆ."

"ತಿಳಿ ಹಳದಿ ಆದ್ರೆ ಪರವಾಗಿಲ್ಲ ಸರ್."

"ತಿಳಿ ಅಂದ್ರೆ ಎಷ್ಟು ತಿಳಿ? ನನ್ನ ಕಾರ್ಡಲ್ಲೇ ಒಂದು ಪುಟ ಪೂರ್ತಿ ತಿಳಿ ಹಳದಿ ಇದೆ."

"ಸರ್, ಕಮೋಡಿನ ಬಿಳೀ ತಳ ಕಾಣ್ಬೇಕು. ಅಷ್ಟೇ. ಬಿಳೀ ತಳ ಕಂಡ್ರೆ ಬನ್ನಿ. ಕಾಣ್ಲಿಲ್ಲ ಅಂದ್ರೆ ಫೋನ್ ಮಾಡಿ ಹೇಳಿ, ಡಾಕ್ಟ್ರು ಮುಂದಕ್ಕೆ ಹಾಕ್ತಾರೆ."

ಭಾವ ಫೋನಿಟ್ಟು ಮತ್ತೆ ಬಗ್ಗಿದ. ಬಿಳಿ ಇಲ್ಲ. ಎಲ್ಲೂ ಬಿಳಿ ಇಲ್ಲ.

ಮೇಲಿನಿಂದ ಲಿಫ್ಟಿನ ಧ್ವನಿ ಕೇಳಿಸಿತು. ಅವನು ಮೆಟ್ಟಿಲ ತುದಿಯಲ್ಲಿ ನಿಂತು ಅತ್ತೆಗೆ ವರದಿ ಒಪ್ಪಿಸುತ್ತಿದ್ದ: "ಗಾಜು ಅತ್ತೆ. ಕುಡಿಯೋ ನೀರಿನ ಗ್ಲಾಸ್. ತಳದಲ್ಲಿ ಕಂಪೆನಿ ಹೆಸರು ಓದ್ಬಹುದು."

ಕಮೋಡಿನ ಮುಚ್ಚಳ ಹಾಕಿ ಭಾವ ಅದರ ಮೇಲೆ ಕೂತ. ಸೋತದ್ದಕ್ಕೆ ಹೊಟ್ಟೆ ಉರಿಯಬೇಕಿತ್ತು. ಆದರೆ ಆ ತೊಳೆದ ಹೊಟ್ಟೆಯ ಮೂಲೆಯಿಂದ ಏನೋ ಹಗುರವಾದದ್ದು ಎದ್ದು ಬರುತ್ತಿತ್ತು. ನಾನೇನು ಮಾಡಲಿ, ಈ ಸಲ ಒಂದು ತೊಟ್ಟೂ ಬಿಡದೆ ಕುಡಿದಿದ್ದೇನೆ, ಆದರೂ ಬಿಳಿಯಾಗಲಿಲ್ಲ. ಬಿಳಿಯಾಗದಿದ್ದರೆ ಪರೀಕ್ಷೆಯಿಲ್ಲ. ಪರೀಕ್ಷೆಯಿಲ್ಲದಿದ್ದರೆ ಯಾರೂ ಬಂದು ಏನನ್ನೂ ಹೇಳುವುದಿಲ್ಲ. ಇನ್ನೊಂದೆರಡು ತಿಂಗಳು 'ಗೊತ್ತಿಲ್ಲ' ಎಂಬ ಬೆಚ್ಚನೆಯ ಹೊದಿಕೆಯೊಳಗೆ ಇರಬಹುದು. ದೊಡ್ಡಣ್ಣನೂ ಇದೇ ಹೊದಿಕೆಯನ್ನು ಹೊದ್ದಿದ್ದ ಎಂಬುದು ನೆನಪಾಗದೆ ಇರಲಿಲ್ಲ. ಆದರೂ ಕೈ ಫೋನನ್ನು ಎತ್ತಿಕೊಂಡಿತು.

ಬಾಗಿಲು ತಟ್ಟಿದ ಸದ್ದಾಯಿತು.

"ಅಣ್ಣ, ಟ್ಯಾಕ್ಸಿ ಬರೋ ಹೊತ್ತಾಯ್ತು."

"ನೀನು ಹೋಗಿ ಬಾರಪ್ಪ. ನಂದು ಆಗ್ಲಿಲ್ಲ."

"ಏನಾಗ್ಲಿಲ್ಲ?"

"ಹಳದಿ ಬಿಡ್ತಿಲ್ಲ. ನಿಂದೇ ಒಳ್ಳೆ ಔಷಧಿ, ನೀನೇ ಗೆದ್ದೆ ಅಂತ ಇಟ್ಕೋ. ಈ ಸಲ ನಿಜವಾಗ್ಲೂ ಪೂರ್ತಿ ಕುಡಿದೆ."

"ಈ ಸಲ ನಿಜವಾಗ್ಲೂ" ಎಂದು ಲಿಫ್ಟು ನಿಧಾನವಾಗಿ ಹೇಳಿದ. "ಹಂಗಾದ್ರೆ ಹೋದ ಸಲದ ಮಿಷನ್ನು?"

ಭಾವ ಶೇಡ್ ಕಾರ್ಡು ಮಡಿಸಿದ, ಬಿಡಿಸಿದ. "ಚೆನ್ನಾಗೇ ಇತ್ತು."

"ಪಾಪ. ಎಷ್ಟು ಅಪವಾದ ಹೊತ್ಕೊಂಡಿತ್ತು ಅದು." ಲಿಫ್ಟು ಮತ್ತೆ ಬಾಗಿಲು ತಟ್ಟಿದ. "ತೆಗೀರಿ, ನಾನು ನೋಡ್ತೀನಿ."

"ಇದನ್ನ ಇನ್ನೊಬ್ಬರಿಗೆ ತೋರಿಸೋದಾ? ಮಾನ ಮರ್ಯಾದೆ ಬೇಡ್ವಾ?"

"ಮಧ್ಯಾಹ್ನ ಟಿವಿ ಪರದೆ ಮೇಲೆ ಹಾಕಿ ನೋಡ್ತಾರೆ ಅಣ್ಣ. ಅದಕ್ಕಿಂತ ಮೊದಲು ಮನೆಯವರು ನೋಡಿದ್ರೆ ಏನು ಹೋಯ್ತು."

ಭಾವ ಚಿಲಕ ತೆಗೆದ. ಲಿಫ್ಟು ಒಳಗೆ ಬಂದು ಮುಚ್ಚಳ ಎತ್ತಿ, ಕೆಟ್ಟ ಲಿಫ್ಟಿನ ಗುಂಡಿಯೊಳಗೆ ಇಣುಕುವ ಹಾಗೆ ಮಂಡಿಯ ಮೇಲೆ ಕೈಯೂರಿ, ಜೇಬಿನ ಟಾರ್ಚು ಹಾಕಿ ನೋಡಿದ. ಬಹಳ ಹೊತ್ತು ನೋಡಿದ.

"ತಳ ಕಾಣ್ತಿದೆಯಲ್ಲ."

"ಹಳದಿಯಾಗಿ ಕಾಣ್ತಿದೆ. ನರ್ಸು ಬಿಳಿ ಅಂದ್ಲು."

"ಅಣ್ಣ." ಲಿಫ್ಟು ಟಾರ್ಚು ಆರಿಸಿದ. "ಕಮೋಡೇ ಹಳದಿ."

ಲಿಫ್ಟು ಫ್ಲಷ್ ಒತ್ತಿದ. ನೀರು ಭೋರೆಂದು ಸುತ್ತಿ ಇಳಿದು, ಟ್ಯಾಂಕಿಯ ಹೊಸ ನೀರು ಬಂದು ನಿಂತಿತು. ಅದಕ್ಕೂ ಯಾರ ಹೊಟ್ಟೆಗೂ ಯಾವ ಸಂಬಂಧವೂ ಇರಲಿಲ್ಲ.

"ಈಗ ನೋಡಿ. ಯಾವ ಬಣ್ಣ?"

ಭಾವ ಕಾರ್ಡು ಹಿಡಿದು ಬಗ್ಗಿದ. ಅವನ ಕಿವಿ ಕೆಂಪಾಗುತ್ತಾ ಬಂತು. "ಮುಂಜಾವಿನ ಬೆಣ್ಣೆ" ಎಂದ ಸಣ್ಣ ದನಿಯಲ್ಲಿ. ಮೇಸ್ತ್ರಿಯ ಜೊತೆ ಮಾತು ಬಿಟ್ಟು ತರಿಸಿದ ಬಣ್ಣದ ಹೆಸರೂ ಅದೇ. ಅದೇ ಕಾರ್ಡಿನಿಂದ ಅವನೇ ಆರಿಸಿದ್ದು. ಹಿನ್ನೆಲೆ ಬದಲಾದರೆ ಬಣ್ಣ ಬದಲಾಗುತ್ತದೆ ಎಂದು ದಿನಕ್ಕೊಬ್ಬ ಗಿರಾಕಿಗೆ ಪಾಠ ಹೇಳುವವನು, ಬೆಳಿಗ್ಗೆಯಿಂದ ಹೊಟ್ಟೆ ತೊಳೆದು ತೊಳೆದು ತನ್ನ ಕಮೋಡು ಬಿಳಿಯಾಗಲೆಂದು ಕಾದಿದ್ದ.

ಲಿಫ್ಟು ನಗಲಿಲ್ಲ. ನಗು ಬಾರದೆ ಅಲ್ಲ, ಅವನ ತುಟಿ ಪಕ್ಕಕ್ಕೆ ಎಳೆದುಕೊಂಡು ನಡುಗುತ್ತಿತ್ತು. ಆದರೆ ಭಾವನ ಮುಖದಲ್ಲಿ ಏನೋ ಕಂಡು ತಡೆದುಕೊಂಡ.

"ಹಾಗಾದ್ರೆ ಹೋಗ್ಲೇಬೇಕು" ಎಂದ ಭಾವ.

"ಹೋಗೋಣ. ಅದಕ್ಕೇ ತಾನೇ ಇಷ್ಟೆಲ್ಲ."

"ನಾನು ಕೆಂಪು ಕಂಡಿದ್ದೀನಿ ಕಣಪ್ಪ. ಒಂದು ಸಲ ಅಲ್ಲ." ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಇಷ್ಟು ದಿನ ಹೊಟ್ಟೆಯಲ್ಲಿದ್ದದ್ದು ಕೊನೆಗೆ ಬಾಯಿಯ ಕಡೆಯಿಂದ ಹೊರಬಂದಿತ್ತು. "ದೊಡ್ಡಣ್ಣನಿಗೂ ಹಾಗೇ ಶುರುವಾಗಿತ್ತು."

"ಗೊತ್ತು."

"ಯಾರು ಹೇಳಿದ್ರು?"

"ಅತ್ತಿಗೆ. ಈ ಕಮೋಡನ್ನ ದಿನಾ ತೊಳೆಯೋರು ಯಾರು ಅಂದ್ಕೊಂಡಿದ್ದೀರ ನೀವು? ಬೇಸಿನ್ನಲ್ಲಿ ಆ ಜಾರೋ ನೀರು ಸುರಿದಿದ್ದೂ ಅವರಿಗೆ ಗೊತ್ತು." ಲಿಫ್ಟು ಗೋಡೆಗೆ ಒರಗಿದ. "ನನಗೆ ಯಾವ ಡಾಕ್ಟ್ರೂ ಬರ್ಕೊಟ್ಟಿರ್ಲಿಲ್ಲ ಅಣ್ಣ. ನಾನೇ ಹೋಗಿ ಕೇಳ್ದೆ. ಈ ವಯಸ್ಸಿಗೆ ಒಂದ್ಸಲ ಮಾಡಿಸ್ಕೊಳ್ಳೋದು ಒಳ್ಳೇದೇ ಅಂದ್ರು. ಅತ್ತಿಗೆ ಏನಂದ್ರು ಅಂದ್ರೆ, ನಮ್ಮವರು ಒಬ್ಬರೇ ಆದ್ರೆ ಬೇಸಿನ್ನಿ‌ಗೆ ಸುರೀತಾರೆ, ಎದುರಿಗೆ ನೀವು ಕೂತ್ರೆ ಕೆರೆನೇ ಕುಡೀತಾರೆ."

ಭಾವ ಅವನನ್ನು ದಿಟ್ಟಿಸಿ ನೋಡಿದ. ಯಾವ ಕಾಯಿಲೆಯೂ ಇಲ್ಲದೆ ಬ್ಯಾಟರಿ ನೆಕ್ಕಿದ ಮನುಷ್ಯ. ಮುಖ ಬಿಳಿಚಿಕೊಂಡಿತ್ತು, ಕಣ್ಣು ಒಳಗೆ ಹೋಗಿತ್ತು.

"ಚೆನ್ನಾಗಿತ್ತು ಅಂದ್ಯಲ್ಲ, ಆ ಬಾಟಲಿ."

"ಅಯ್ಯೋ, ಅದರಂಥ ದರಿದ್ರ ವಸ್ತು ಇನ್ನೊಂದಿಲ್ಲ."

ಟ್ಯಾಕ್ಸಿಯಲ್ಲಿ ಹೆಂಡತಿ ಮುಂದೆ ಕೂತಳು. ಹಿಂದೆ ಅಳಿಯಂದಿರ ನಡುವೆ ಅತ್ತೆ. ನಾದಿನಿ ಕೆಲಸ ಮುಗಿಸಿ ನೇರ ಆಸ್ಪತ್ರೆಗೆ ಬರುವವಳಿದ್ದಳು. ಹೆಂಡತಿ ತಿರುಗಿ ಗಂಡನ ಮುಖ ಒಂದು ಸಲ ನೋಡಿ, ತಿಳಿಯಬೇಕಾದದ್ದನ್ನು ತಿಳಿದುಕೊಂಡು, ಮತ್ತೆ ಮುಂದಕ್ಕೆ ತಿರುಗಿದಳು. ಮೊದಲ ರಸ್ತೆಯುಬ್ಬು ಬಂದಾಗ ಇಬ್ಬರು ಗಂಡಸರೂ ಒಟ್ಟಿಗೆ ಉಸಿರು ಹಿಡಿದರು.

"ನಿಧಾನ ಹೋಗಪ್ಪ" ಎಂದಳು ಅತ್ತೆ ಡ್ರೈವರಿಗೆ. "ಇಬ್ಬರೂ ಖಾಲಿ ಅಂತ ಹೇಳ್ತಾರೆ. ನಾನು ಗ್ಯಾರಂಟಿ ಕೊಡಲ್ಲ."

ಡ್ರೈವರು ಕನ್ನಡಿಯಲ್ಲಿ ಒಮ್ಮೆ ನೋಡಿದ. ಆಮೇಲೆ ಇಡೀ ದಾರಿ ಗಾಜಿನ ಸಾಮಾನು ಸಾಗಿಸುವವನ ಹಾಗೆ ಓಡಿಸಿದ.

ಆಸ್ಪತ್ರೆಯಲ್ಲಿ ಪರೀಕ್ಷೆಯ ವಿಭಾಗ ಮೂರನೆಯ ಮಹಡಿಯಲ್ಲಿತ್ತು. ಲಿಫ್ಟು ಅಲ್ಲಿನ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ಕೇಳಿ ತಲೆಯಾಡಿಸಿದ. "ಬೇರಿಂಗ್ ಅಳ್ತಾ ಇದೆ. ಈ ಸ್ಥಿತೀಲಿ ಇದರಲ್ಲಿ ಸಿಕ್ಕಿಹಾಕ್ಕೊಂಡ್ರೆ ಆಮೇಲೆ ಈ ಲಿಫ್ಟನ್ನ ಯಾರೂ ಬಳಸೋ ಹಾಗಿರಲ್ಲ." ಮೆಟ್ಟಿಲು ಹತ್ತಿದರು. ಇಬ್ಬರೂ ತೊಡೆಗಳನ್ನು ಒಟ್ಟಿಗೆ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಯಾವುದೋ ಹಳೆಯ ರಾಜಮನೆತನದವರ ಹಾಗೆ ಮೆಲ್ಲಗೆ ಏರಿದರು. ಮೇಲೆ ನರ್ಸು ಇಬ್ಬರಿಗೂ ಹಿಂದೆ ತೆರೆದ ನಿಲುವಂಗಿ ಕೊಟ್ಟಳು. ಅದನ್ನು ತೊಟ್ಟ ಮೇಲೆ ಇಬ್ಬರೂ ಗೋಡೆಗೆ ಬೆನ್ನು ಹಾಕಿಯೇ ನಿಂತರು.

"ನೀವು ಮೊದಲು ಹೋಗಿ ಅಣ್ಣ. ದೊಡ್ಡವರು."

"ಹೆದರಿಕೆಯಾಗ್ತಿದೆ ಕಣೋ."

"ನನಗೂ ಆಗ್ತಿದೆ. ನನಗೆ ಕಾರಣಾನೂ ಇಲ್ಲ."

ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿ ಕೈಗೆ ಸೂಜಿ ಚುಚ್ಚಿದಾಗ ಭಾವ ಕಂಡದ್ದು ಎದುರಿನ ಗೋಡೆ. ಬಿಳಿ. ಎರಡನೆಯ ಕೋಟು ಹೊಡೆದೇ ಇಲ್ಲವಲ್ಲ ಎಂದುಕೊಳ್ಳುತ್ತಿದ್ದಂತೆ ನಿದ್ದೆ ಬಂತು.

ಎಚ್ಚರವಾದಾಗ ಹೆಂಡತಿ ಪಕ್ಕದಲ್ಲಿದ್ದಳು, ಕಾಲ ಬಳಿ ಅತ್ತೆ. ಹಸಿರು ಪರದೆಯ ಆಚೆ ಇನ್ನೊಂದು ಮಂಚದಿಂದ ನಾದಿನಿಯ ಪಿಸುಮಾತು, ಲಿಫ್ಟಿನ ತೊದಲು ಮಾತು ಕೇಳುತ್ತಿತ್ತು. ಡಾಕ್ಟರರು ಒಂದು ಫೋಟೊ ಹಿಡಿದುಕೊಂಡು ಬಂದರು.

"ರಕ್ತ ಬರ್ತಿದ್ದದ್ದು ಮೂಲವ್ಯಾಧಿಯಿಂದ" ಎಂದರು. ಭಾವನ ಎದೆಯಲ್ಲಿ ದೊಡ್ಡಣ್ಣನ ಧ್ವನಿ ಕೇಳಿಸಿದಂತಾಯಿತು. "ನಿಜವಾಗ್ಲೂ ಅದೇ. ಅದಕ್ಕೆ ಮುಲಾಮಿದೆ. ಆದ್ರೆ ಹುಡುಕ್ತಾ ಹೋದಾಗ ಮೇಲ್ಗಡೆ ಕರುಳಲ್ಲಿ ಇನ್ನೊಂದು ಸಣ್ಣ ಬೆಳವಣಿಗೆ ಸಿಕ್ತು. ರಕ್ತಕ್ಕೂ ಇದಕ್ಕೂ ಸಂಬಂಧ ಇಲ್ಲ. ನೋಡಿ, ಇಲ್ಲೇ ಇದೆ. ಸುಲಭಕ್ಕೆ ಕಾಣಲ್ಲ."

ಭಾವ ಫೋಟೊವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ನಸುಗೆಂಪು ಗೋಡೆ. ಗೋಡೆಯ ಮೇಲೆ ಗೋಡೆಯದೇ ಬಣ್ಣದ ಒಂದು ಚಪ್ಪಟೆ ತೇಪೆ, ಅರ್ಧ ಶೇಡು ತಿಳಿ, ಅಷ್ಟೇ. ಹಳದಿಯ ಮೇಲೆ ಹಳದಿ ಕಾಣದೆ ಬೆಳಿಗ್ಗೆಯೆಲ್ಲ ಬಗ್ಗಿ ನಿಂತದ್ದು ನೆನಪಾಯಿತು.

"ಬಿಟ್ಟಿದ್ರೆ ಕೆಲವು ವರ್ಷಕ್ಕೆ ಕೆಟ್ಟದ್ದಾಗ್ಬಹುದಿತ್ತು. ಈಗ ತೆಗೆದಾಯ್ತು. ಲ್ಯಾಬಿಗೆ ಕಳಿಸಿದ್ದೀನಿ, ಆದ್ರೆ ನೋಡಿದಾಗ ನನಗೆ ಭಯ ಅನ್ನಿಸ್ಲಿಲ್ಲ. ಮೂರು ವರ್ಷ ಬಿಟ್ಟು ಇನ್ನೊಂದ್ಸಲ ಬನ್ನಿ. ಒಂದು ಮಾತು: ಹೋದ ಸಲದ ಹಾಗೆ ಅರೆಬರೆ ತೊಳ್ಕೊಂಡು ಬಂದಿದ್ರೆ ಇದು ಖಂಡಿತ ಕಾಣ್ತಿರ್ಲಿಲ್ಲ."

ಭಾವ ಕಣ್ಣು ಮುಚ್ಚಿಕೊಂಡ. ಹೆಂಡತಿ ಹೊದಿಕೆಯ ಸುಕ್ಕನ್ನು ಅಂಗೈಯಿಂದ ನೀವಿ ಸರಿಮಾಡಿದಳು.

"ಡಾಕ್ಟ್ರೇ" ಎಂದು ಬಹಳ ಮರ್ಯಾದೆಯಿಂದ ಕೇಳಿದಳು, "ಹೋದ ಸಲ ಕೆಟ್ಟಿತ್ತಂತಲ್ಲ, ಆ ಮಿಷನ್ನು. ಸರಿ ಮಾಡಿಸಿದ್ರಾ?"

"ಯಾವ ಮಿಷನ್ನು?"

"ಏನಿಲ್ಲ ಬಿಡಿ."

ಪರದೆಯ ಆಚೆಯಿಂದ ಲಿಫ್ಟಿನ ದನಿ ತೇಲಿ ಬಂತು. "ಡಾಕ್ಟ್ರೇ, ನಂದು?"

"ನಿಮ್ಮದರಲ್ಲಿ ಏನೂ ಇಲ್ಲ."

"ಏನೂ ಇಲ್ವಾ?" ಲಿಫ್ಟಿನ ದನಿಯಲ್ಲಿ ನಿರಾಸೆ. "ಚಿಕ್ಕದಾದ್ರೂ?"

"ಇಲ್ಲದೆ ಇರೋದೇ ಒಳ್ಳೇದು ಸ್ವಾಮಿ."

ಅತ್ತೆಗೆ ಇನ್ನು ತಡೆಯಲಾಗಲಿಲ್ಲ. "ಅದಿರ್ಲಿ, ಯಾವ ಔಷಧೀಲಿ ಚೆನ್ನಾಗಿ ತೊಳೆದಿತ್ತು? ದೊಡ್ಡ ಕ್ಯಾನಿಂದಾ, ಚಿಕ್ಕ ಬಾಟಲಿಯಿಂದಾ?"

"ಇಬ್ಬರದ್ದೂ ಒಂದೇ ಥರ ಚೆನ್ನಾಗಿತ್ತಮ್ಮ. ಅವರವರ ಮೈಗೆ ಹೊಂದೋದನ್ನ ಕೊಡ್ತೀವಿ. ಪೂರ್ತಿ ಕುಡಿದ್ರೆ ಎರಡೂ ಕೆಲಸ ಮಾಡುತ್ತೆ."

"ಅಳಿಯ ಅಲ್ಲ, ಮಗಳ ಗಂಡ ಅಂತ ನಾನು ನಿನ್ನೆ ಸಂಜೇನೇ ಹೇಳಿದ್ದೆ" ಎಂದಳು ಅತ್ತೆ.

ಡಾಕ್ಟರರು ಹೋದ ಮೇಲೆ ನರ್ಸು ಬಂದು ಪರದೆಯ ಎರಡೂ ಕಡೆಗೆ ಕೇಳುವ ಹಾಗೆ ಹೇಳಿದಳು. ಪರೀಕ್ಷೆಗಾಗಿ ಒಳಗೆ ಗಾಳಿ ತುಂಬಿದ್ದಾರೆ, ಅದು ಹೊರಗೆ ಹೋಗಬೇಕು, ಯಾರೂ ನಾಚಿಕೆ ಮಾಡಿಕೊಳ್ಳಬಾರದು. "ಯಾರದ್ದು ಮೊದಲು ಹೋಗುತ್ತೋ ಅವರನ್ನ ಮೊದಲು ಮನೆಗೆ ಕಳಿಸ್ತೀನಿ."

ಪರದೆಯ ಆಚೆ ತಟ್ಟನೆ ಮೌನ. ಪ್ರಯತ್ನದ ಮೌನ ಅದು, ಭಾವನಿಗೆ ಗೊತ್ತಾಯಿತು. ಅವನೂ ನಿಧಾನಕ್ಕೆ ಮಂಡಿ ಮಡಿಸಿಕೊಂಡ. ಅಷ್ಟರಲ್ಲಿ ಏನೋ ನೆನಪಾಗಿ ಹೆಂಡತಿಯನ್ನು ಹತ್ತಿರ ಕರೆದ.

"ನೋಡು, ಮೂರು ವರ್ಷಕ್ಕೆ ಮತ್ತೆ ಬರ್ಬೇಕಂತೆ. ಅಷ್ಟರೊಳಗೆ ಆ ಕಮೋಡು ಬದಲಾಯಿಸ್ಬೇಕು. ಮೇಸ್ತ್ರಿಗೆ ಹೇಳಿ ಕಳಿಸು."

"ಅದಕ್ಕೇನಾಗಿದೆ? ಅಷ್ಟು ಜಗಳ ಮಾಡಿ ತರಿಸಿದ್ರಿ."

"ಬದಲಾಯಿಸ್ಬೇಕು."

"ಸರಿ. ಯಾವ ಬಣ್ಣದ್ದು ಹೇಳ್ಲಿ?"

ಭಾವ ಅವಳ ಮುಖ ನೋಡಿದ, ಚಾವಣಿ ನೋಡಿದ. ಹೇಳಬೇಕಾದ ಮಾತು ಒಂದೇ, ಅದೂ ಎರಡಕ್ಷರದ್ದು. ಅದನ್ನು ಹೊರಗೆ ತರಲು ಉಸಿರು ಬಿಗಿಹಿಡಿದು, ಮುಖ ಕೆಂಪು ಮಾಡಿಕೊಂಡು, ತನ್ನಲ್ಲಿದ್ದ ಬಲವನ್ನೆಲ್ಲ ಹಾಕಿದ.

ಹೊರಗೆ ಬಂದದ್ದು ಆ ಮಾತಲ್ಲ. ಅದು ದೀರ್ಘವಾಗಿತ್ತು, ನಡುವೆ ಒಮ್ಮೆ ದನಿ ಬದಲಿಸಿ ಮತ್ತೆ ಮುಂದುವರಿಯಿತು, ಪರದೆ ಸ್ವಲ್ಪ ಅಲ್ಲಾಡಿದಂತೆಯೂ ಇತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಡತಿ ಮಂಚದ ಅಂಚಿಗೆ ಹಣೆಯೊತ್ತಿಕೊಂಡು ಭುಜ ಕುಲುಕಿಸುತ್ತಾ ನಗುತ್ತಿದ್ದಳು, ಅಥವಾ ನಗುತ್ತಲೇ ಅಳುತ್ತಿದ್ದಳು.

"ಒಂದನೇ ಮಂಚ, ಮನೆಗೆ ಹೋಗ್ಬಹುದು" ಎಂದಳು ನರ್ಸು.

"ಅಣ್ಣ" ಎಂದ ಲಿಫ್ಟು ಪರದೆಯ ಆಚೆಯಿಂದ, "ಒಂದು ನಿಮಿಷ ಇರಿ. ನಂದು ಬರ್ತಾ ಇದೆ."

"ನಿಧಾನಕ್ಕೆ ಬರ್ಲಿ ಬಿಡಪ್ಪ" ಎಂದ ಭಾವ. "ನಿಂದು ಬರೋ ತನಕ ನಾನೇನು ಹೋಗಲ್ಲ."